ನಮ್ಮ ಮನೆಗೆ ಕರೆಂಟು ಕಾರು ಬಂದ ಮೇಲೆ

ಪೆಟ್ರೋಲ್ ಕಾರು ಇದ್ದಷ್ಟು ದಿನ ನಮ್ಮ ಮನೆಯಲ್ಲಿ ನಾಲ್ಕು ಜನರಿಗೆ ಹೇಳುವಂಥದ್ದು ಏನೂ ನಡೆದಿರಲಿಲ್ಲ. ಕಾರು ಹೊಗೆ ಬಿಡುತ್ತಿತ್ತು, ನಾವು ನಿಟ್ಟುಸಿರು ಬಿಡುತ್ತಿದ್ದೆವು, ಅಷ್ಟೆ. ಅದನ್ನು ಮಾರಿ ಕರೆಂಟು ಕಾರು ತಂದ ಮೇಲೆ ಮಾತ್ರ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇದೆ. ನಾನು ಕೆಲಮಂಗಲದ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ಮನೆ ಹೊಸೂರಿನ ಮೂಕಂಡಪಲ್ಲಿಯಲ್ಲಿ. ನಮ್ಮ ಮನೆಯವರು ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ದಿನಾ ಹೋಗಿ ಬರುವ ದಾರಿಗೆ ಕರೆಂಟು ಕಾರೇ ಸರಿ ಅಂತ ಲೆಕ್ಕ ಹಾಕಿದವರು ಅವರು. ಕಾರಿನ ಮಟ್ಟಿಗೆ ಅವರ ಲೆಕ್ಕ ಎಲ್ಲೂ ತಪ್ಪಲಿಲ್ಲ. ಜನಗಳನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ.

ಬಂಕಿನವನು

ಹೊಸ ಕಾರಿಗೆ ಪೂಜೆ ಮಾಡಿಸಿದ ಮಾರನೆಯ ದಿನ. ನಮ್ಮ ಮನೆಯವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ದಾರಿಯಲ್ಲಿ ಪೆಟ್ರೋಲ್ ಬಂಕ್ ಬಂತು. ಇಷ್ಟು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿಯೇ ಸ್ಟೀರಿಂಗ್ ತಿರುಗಿಸಿಬಿಟ್ಟಿತು. ಪಂಪಿನ ಮುಂದೆ ಸರಿಯಾಗಿ ನಿಲ್ಲಿಸಿ, ಗ್ಲಾಸ್ ಇಳಿಸಿ, "ಫುಲ್ ಮಾಡಪ್ಪಾ" ಅಂದರು.

ಬಂಕಿನವನು ನಮ್ಮನ್ನು ಹಳೇ ಕಾರಿನ ಕಾಲದಿಂದಲೂ ಬಲ್ಲವನು. ಕಾರನ್ನು ಹಿಂದಿನಿಂದ ಮುಂದಿನವರೆಗೆ ಒಂದು ಸಲ ನೋಡಿದ. "ಸಾರ್, ಇದು ಕರೆಂಟ್ ವಂಡಿ ಅಲ್ವಾ?"

ನನಗೆ ನಗು ತಡೆಯಲಾಗದೆ ಆ ಕಡೆ ತಿರುಗಿಕೊಂಡೆ. ಇವರು ಸೋಲೊಪ್ಪುವ ಜನ ಅಲ್ಲ. "ಗೊತ್ತಪ್ಪ. ನಾನು ಹೇಳಿದ್ದು ಗಾಳಿ. ಗಾಳಿ ಫುಲ್ ಮಾಡು" ಅಂದರು.

ಅವನು ನಾಲ್ಕು ಚಕ್ರಕ್ಕೂ ಗೇಜ್ ಹಿಡಿದು ನೋಡಿ ಬಂದ. "ನಿನ್ನೆ ಶೋರೂಮಿಂದ ಬಂದಿರೋ ಕಾರು ಸಾರ್, ಗಾಳೀನೂ ಫುಲ್ ಇದೆ. ಬೇರೆ ಏನು ಬೇಕು?"

ಹಿಂದೆ ಎರಡು ಬೈಕ್‌ನವರು ಹಾರ್ನ್ ಹೊಡೆಯುತ್ತಿದ್ದರು. ಇವರು ಸ್ವಲ್ಪ ಯೋಚಿಸಿ, "ಮುಂದಿನ ಗ್ಲಾಸ್ ಒರೆಸು" ಅಂದರು. ಫಳಫಳ ಹೊಳೆಯುತ್ತಿದ್ದ ಗ್ಲಾಸನ್ನು ಅವನು ಇನ್ನಷ್ಟು ಹೊಳೆಸಿದ. ಇವರು ಟೀ ಕಾಸು ಕೊಟ್ಟು ಗಂಭೀರವಾಗಿ ಹೊರಟರು.

ಹತ್ತು ದಿನ ಕಳೆದಿರಬೇಕು, ಅದೇ ದಾರಿ, ಅದೇ ಅಭ್ಯಾಸ, ಕಾರು ಮತ್ತೆ ಬಂಕಿನೊಳಗೆ. ಈ ಸಲ ಅವನು ಏನೂ ಕೇಳಲಿಲ್ಲ. ನಮ್ಮನ್ನು ನೋಡಿದ ಕೂಡಲೇ ಪೈಪು ಕೆಳಗಿಟ್ಟು ಬಟ್ಟೆ ಹಿಡಿದುಕೊಂಡು ಬಂದ.

ಓನರ್ ಸಾರ್

ನಾವಿರುವುದು ಮೊದಲನೇ ಮಹಡಿಯಲ್ಲಿ, ಕೆಳಗೆ ಮನೆ ಓನರ್. ಫ್ಯಾಕ್ಟರಿಯಿಂದ ರಿಟೈರ್ ಆದವರು, ಮನೆಮಾತು ತಮಿಳು. ಆದರೆ ನಮ್ಮ ಜೊತೆ ಅರ್ಧ ಕನ್ನಡ ಅರ್ಧ ತಮಿಳು. ಕಾರಿಗೆ ಚಾರ್ಜ್ ಮಾಡಲು ನಮ್ಮ ಮೀಟರಿನಿಂದ ಬೇರೆ ವೈರು ಎಳೆಸಿ, ಎಲೆಕ್ಟ್ರಿಷಿಯನ್‌ನಿಂದ ಬಾಕ್ಸ್ ಹಾಕಿಸಿದ್ದೆವು. ಎಲ್ಲ ಅವರ ಎದುರಿಗೇ ನಡೆದಿದ್ದು. ಆದರೂ ಅವರಿಗೆ ಸಂಶಯ. ಅವರ ಮನೆಯ ಫ್ಯಾನ್ ನಿಧಾನವಾದರೆ ನಮ್ಮ ಕಾರು, ಟಿವಿ ಕೈಕೊಟ್ಟರೆ ನಮ್ಮ ಕಾರು. ಒಂದು ದಿನ ಫ್ರಿಜ್‌ನಲ್ಲಿಟ್ಟ ಮೊಸರು ಹುಳಿಯಾಯಿತು ಅಂತಲೂ ಮೇಲೆ ಬಂದಿದ್ದರು.

ಒಂದು ಭಾನುವಾರ ಮಧ್ಯಾಹ್ನ ಇಡೀ ಏರಿಯಾಕ್ಕೆ ಕರೆಂಟು ಹೋಯಿತು. ಬನಿಯನ್‌ನಲ್ಲೇ ಬೀಸಣಿಗೆ ಬೀಸಿಕೊಳ್ಳುತ್ತಾ ಓನರ್ ಮೆಟ್ಟಿಲು ಹತ್ತಿ ಬಂದರು.

"ಟೀಚರಮ್ಮಾ, ನಾನು ಅವತ್ತೇ ಸೊನ್ನೆನಲ್ಲ, ಹೇಳಿದ್ದೆ ತಾನೇ? ನಿಮ್ಮ ಕಾರು ಇಡೀ ಏರಿಯಾ ಕರೆಂಟ್ ಕುಡಿದುಬಿಟ್ತು ನೋಡಿ."

ನಾನು ಸಮಾಧಾನವಾಗಿ ಅವರನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಕೆಳಗೆ ತೋರಿಸಿದೆ. ಕಾರು ನಿಲ್ಲಿಸುವ ಜಾಗ ಖಾಲಿ. "ನಮ್ಮ ಮನೆಯವರು ಬೆಳಿಗ್ಗೇನೇ ಕಾರು ತಗೊಂಡು ಊರಿಗೆ ಹೋದ್ರು ಸಾರ್. ಕಾರು ಇಲ್ಲಿ ಇಲ್ಲವೇ ಇಲ್ಲ."

ಅವರು ಬಗ್ಗಿ ಖಾಲಿ ಜಾಗವನ್ನು ನೋಡಿದರು. ಬೀಸಣಿಗೆ ನಿಂತುಹೋಯಿತು.

"ಅಬ್ಬಾ! ಅಷ್ಟು ದೂರದಿಂದ ಹೆಂಗೆ ಎಳೀತಿದೆ?"

ಮೆಕ್ಯಾನಿಕ್

ನಮ್ಮ ಹಳೇ ಕಾರನ್ನು ನೋಡಿಕೊಳ್ಳುತ್ತಿದ್ದವರು ಕೆಲಮಂಗಲದ ಒಬ್ಬ ಮೆಕ್ಯಾನಿಕ್. ಕಾರು ರಸ್ತೆ ತಿರುವಿನಲ್ಲಿರುವಾಗಲೇ ಶಬ್ದ ಕೇಳಿ, "ಟೀಚರಮ್ಮನ ಕಾರಿನ ಬೆಲ್ಟು ಹೋಗಿದೆ" ಅನ್ನುತ್ತಿದ್ದ ಮನುಷ್ಯ. ಕಾರು ಮಾರಿದ ವಿಷಯ ಅವರಿಗೆ ಹೇಳಲು ನನಗೆ ಸಂಕಟ. ಸುಮಾರು ದಿನ ಆ ಬೀದಿಯನ್ನೇ ತಪ್ಪಿಸಿಕೊಂಡು ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಸಂತೆಯ ಗಲಾಟೆಗೆ ಬೇರೆ ದಾರಿ ಕಟ್ಟಿಹೋಗಿ, ಅವರ ಶೆಡ್ಡಿನ ಮುಂದೆಯೇ ಬರಬೇಕಾಯಿತು. ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಬಾನೆಟ್ ತೆಗೀರಿ ಮೇಡಂ, ಒಂದು ಸಲ ನೋಡ್ತೀನಿ."

ತೆಗೆದೆ. ಬಗ್ಗಿ ನೋಡಿದರು. ಒಳಗೆಲ್ಲ ಡಬ್ಬಿಗಳು, ಕಿತ್ತಲೆ ಬಣ್ಣದ ದಪ್ಪ ವೈರುಗಳು. ಮುಟ್ಟಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡರು.

"ಸ್ಟಾರ್ಟ್ ಮಾಡಿ."

"ಮಾಡಿದ್ದೀನಿ."

ಕಿವಿಯನ್ನು ಹತ್ತಿರ ಒಯ್ದರು. "ಮಾಡಿ ಮೇಡಂ."

"ಸ್ಟಾರ್ಟ್ ಆಗೇ ಇದೆಯಪ್ಪಾ!"

ಆ ಮನುಷ್ಯನ ಮುಖ ನೋಡಲಾಗಲಿಲ್ಲ. ನಾಡಿ ಸಿಗದ ಕೈ ಹಿಡಿದುಕೊಂಡ ಡಾಕ್ಟರ ಹಾಗೆ ನಿಂತುಬಿಟ್ಟರು. "ಆಯಿಲ್ ಬದಲಾಯಿಸೋದು?" ಅಂದರು. ಇಲ್ಲ ಅಂದೆ. "ಪ್ಲಗ್ಗು? ಕ್ಲಚ್ಚು?" ಇಲ್ಲ. "ಸೈಲೆನ್ಸರ್?" ಅದೂ ಇಲ್ಲ. "ಹಾಗಾದ್ರೆ ನಮ್ಮಂಥೋರು ಏನು ಮಾಡೋದು ಮೇಡಂ?"

ಗ್ಲಾಸ್ ತೊಳೆಯುವ ವೈಪರ್ ನೀರು ಮುಗಿದಿದೆ ಅಂತ ನೆನಪಾಯಿತು. ಹೇಳಿದೆ. ಎಲ್ಲಿತ್ತೋ ಉತ್ಸಾಹ, ಒಳಗೆ ಓಡಿಹೋಗಿ ಬಾಟಲಿ ತಂದು, ಬಟ್ಟೆಯಲ್ಲಿ ಸೋಸಿ, ಒಂದು ಹನಿ ಚೆಲ್ಲದೆ ತುಂಬಿದರು. ಕಾಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮುಂದಿನ ವಾರ ಹೋದರೆ ಶೆಡ್ಡಿನ ಮೇಲೆ ಹೊಸ ಬೋರ್ಡು. ತಮಿಳು, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ್ದರು: 'ಇಲ್ಲಿ ಕರೆಂಟು ಕಾರು ಸರ್ವೀಸ್ ಮಾಡಲಾಗುತ್ತದೆ.'

"ಏನೇನು ಸರ್ವೀಸ್ ಮಾಡ್ತೀರಿ?" ಅಂತ ಕೇಳಿದೆ.

"ಸದ್ಯಕ್ಕೆ ನೀರು ಹಾಕ್ತೀನಿ ಮೇಡಂ" ಅಂದರು.

ವಡೆ

ನಮ್ಮ ಅತ್ತೆ ಇರುವುದು ಸಾನಮಾವು ಕಾಡು ದಾಟಿದರೆ ಸಿಗುವ ಹಳ್ಳಿಯಲ್ಲಿ, ಭಾವನವರ ಮನೆಯಲ್ಲಿ. ಹಬ್ಬಕ್ಕೆ ಹೋದಾಗ ಹಜಾರದ ಪ್ಲಗ್ಗಿಗೆ ಕಾರಿನ ವೈರು ಸಿಕ್ಕಿಸಿದೆವು. ಅಡುಗೆಮನೆಯಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಟಪ್ ಅಂತ ಎಲ್ಲ ನಿಂತುಹೋಯಿತು. ಅತ್ತೆ ಕೈಯಲ್ಲಿ ಉದ್ದಿನ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದರು.

"ಅಲ್ಲ ಕಣ್ಲಾ ಮಗಾ, ಕಾರ್ಗೆ ಹಾಕುದ್ರೆ ವಡೆ ಇಲ್ಲ. ವಡೆಗೆ ಹಾಕುದ್ರೆ ನೀವು ಊರ್ಗೆ ಹೋಗಂಗಿಲ್ಲ. ಯಾವ್ದ್ ಬೇಕು ಯೋಳು."

ಮಗ ಎರಡನೇ ಮಾತಿಲ್ಲದೆ ಕಾರಿನ ವೈರು ಕಿತ್ತು ಹಾಕಿದರು. ಒಂದು ದಿನ ಹೆಚ್ಚಿಗೆ ಇದ್ದು ಮಾರನೆಯ ದಿನ ಚಾರ್ಜ್ ಮಾಡಿಕೊಳ್ಳೋಣ ಅಂದುಕೊಂಡೆವು. ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಗ್ರೈಂಡರ್ ತೊಳೆದಿಟ್ಟು ದೋಸೆಗೆ ನೆನೆಹಾಕಿದ್ದರು.

ಆನೆ

ಇನ್ನೊಂದು ಸಲ ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಹೊಸೂರಿಗೆ ಕರೆತರುತ್ತಿದ್ದೆವು. ಸಂಜೆ, ಇನ್ನೂ ಬೆಳಕಿತ್ತು. ಸಾನಮಾವು ಕಾಡಿನ ತಿರುವಿನಲ್ಲಿ ಫಾರೆಸ್ಟ್ ವಾಚರ್ ಒಬ್ಬರು ಕೋಲು ಅಡ್ಡ ಹಿಡಿದು ನಿಲ್ಲಿಸಿದರು. ಮುಂದೆ ನೋಡಿದರೆ ರಸ್ತೆಗೆ ಅಡ್ಡಲಾಗಿ ಆನೆ. ಒಂಟಿ. ಕಿವಿ ಬೀಸುತ್ತಾ ನಮ್ಮ ಕಡೆಗೇ ಮುಖ ಮಾಡಿ ನಿಂತಿತ್ತು.

ವಾಚರ್ ಕಿಟಕಿಗೆ ಬಗ್ಗಿ ಪಿಸುಗುಟ್ಟಿದರು. "ಇಂಜಿನ್ ಆಫ್ ಮಾಡ್ರೀ."

ನಮ್ಮ ಮನೆಯವರು ಅಷ್ಟೇ ಮೆಲ್ಲಗೆ, "ಇದಕ್ಕೆ ಇಂಜಿನ್ ಇಲ್ಲ ಸಾರ್" ಅಂದರು.

"ಇಂಜಿನ್ ಇಲ್ದೆ ಇಲ್ಲಿಗಂಟ ಹೆಂಗ್ ಬಂದ್ರಿ?"

"ಮೋಟಾರ್ ಸಾರ್. ಬ್ಯಾಟರಿ ಇದೆಯಲ್ಲ, ಅದರಿಂದ..."

"ರೀ, ಆನೆ ನಿಂತಿದೆ, ಪಾಠ ಆಮೇಲೆ ಮಾಡಿ" ಅಂತ ನಾನು ಅವರ ತೋಳು ಚಿವುಟಿದೆ.

ಅಷ್ಟರಲ್ಲಿ ಅತ್ತೆ ಆನೆ ಸರಿಯಾಗಿ ಕಾಣಲಿ ಅಂತ ಹಿಂದಿನ ಸೀಟಿನ ಬೆಲ್ಟ್ ಬಿಚ್ಚಿ ಮುಂದಕ್ಕೆ ಬಗ್ಗಿದರು. ಕಾರು ಸುಮ್ಮನಿರುತ್ತದೆಯೇ? ಟಿಂಗ್, ಟಿಂಗ್, ಟಿಂಗ್ ಅಂತ ಶುರು ಮಾಡಿತು. ಆನೆ ಒಂದು ಹೆಜ್ಜೆ ಮುಂದಿಟ್ಟಿತು. ವಾಚರ್ ಕೈ ಮುಗಿದರು, ನಮಗೋ ಆನೆಗೋ ಗೊತ್ತಾಗಲಿಲ್ಲ. ನಮ್ಮ ಮನೆಯವರು ಸ್ಟೀರಿಂಗ್ ಪಕ್ಕದ ಟಚ್‌ಸ್ಕ್ರೀನ್ ಪರದೆಯ ಮೇಲೆ ಸಿಕ್ಕಸಿಕ್ಕಲ್ಲಿ ಒತ್ತಿದರು. ಎಸಿ ಜೋರಾಯಿತು, ಟಿಂಗ್ ಟಿಂಗ್ ನಿಲ್ಲಲಿಲ್ಲ.

ಅತ್ತೆಗೆ ರೇಗಿಹೋಯಿತು. ಕಾರಿನ ಪರದೆಯ ಕಡೆ ಕೈ ತೋರಿಸಿ ಕಾಡೆಲ್ಲ ಕೇಳುವಂತೆ ಕೂಗಿದರು. "ಸುಮ್ಕಿರ್ಲಾ ಮೂದೇವಿ! ಎದುರ್ಗೆ ಆನೆ ನಿಂತೈತೆ, ಕಣ್ ಕಾಣಾಕಿಲ್ವಾ ನಿಂಗೆ? ಬಾಯ್ ಮುಚ್ಕೊಂಡು ಬಿದ್ದಿರು!"

ಆನೆ ನಿಂತಿತು. ಸೊಂಡಿಲು ಇಳಿಸಿತು. ಹಿಂದೆಮುಂದೆ ನೋಡದೆ ಪಕ್ಕದ ಪೊದೆಯೊಳಗೆ ಇಳಿದು ಹೋಯಿತು.

ವಾಚರ್ ಬೆವರು ಒರೆಸಿಕೊಂಡು, ಅತ್ತೆಯ ಕಡೆ ಬಗ್ಗಿ ಬಹಳ ಮರ್ಯಾದೆಯಿಂದ ಕೇಳಿದರು. "ಅಮ್ಮಾ, ಊರು ಹತ್ರಾನಾ? ದಿನಾ ಸಾಯಂಕಾಲ ಒಂದೊಂದ್ ಗಳಿಗೆ ಬಂದೋಗ್ತೀರಾ?"

ಹಿಂದಿನ ಸೀಟು

ಹೋದ ಬೇಸಿಗೆಯಲ್ಲಿ ಊತಂಗರೆ ಕಡೆ ನೆಂಟರ ಮನೆ ಗೃಹಪ್ರವೇಶ. ಅತ್ತೆಯೂ ಬಂದಿದ್ದರು. ವಾಪಸ್ ಬರುವಾಗ ನಾನು ಓಡಿಸುತ್ತಿದ್ದೆ. ನಮ್ಮ ಮನೆಯವರು ಪಕ್ಕದಲ್ಲಿ ಕೂತು ಪರದೆ ನೋಡಿಕೊಂಡು, "ಅರವತ್ತು ಪರ್ಸೆಂಟ್", "ಐವತ್ತೊಂಬತ್ತಾಯ್ತು" ಅಂತ ಕ್ರಿಕೆಟ್ ಸ್ಕೋರ್ ಹೇಳುವ ಹಾಗೆ ಹೇಳುತ್ತಲೇ ಇದ್ದರು. ಹೊಸೂರು ಮುಟ್ಟಲು ಬೇಕಾದಷ್ಟು ಇತ್ತು. ಆದರೂ ಕೃಷ್ಣಗಿರಿಯಲ್ಲಿ ಚಾರ್ಜಿಂಗ್ ಇರುವ ಹೋಟೆಲ್ ಕಂಡ ಕೂಡಲೇ, "ಸ್ವಲ್ಪ ಹಾಕಿಕೊಂಡೇ ಹೋಗೋಣ" ಅಂತ ಹಟ ಹಿಡಿದರು.

ಚಾರ್ಜರಿನ ಇನ್ನೊಂದು ಬದಿಗೆ ನಮ್ಮಂಥದ್ದೇ ಬಿಳಿ ಕಾರು ನಿಂತಿತ್ತು. ಒಂದೇ ಕಂಪನಿ, ಒಂದೇ ಬಣ್ಣ. ಆ ಕಾರಿನವರೂ ಊಟಕ್ಕೆ ಹೋಗಿದ್ದರು. ಅತ್ತೆ ನಮಗಿಂತ ಮೊದಲೇ ಊಟ ಮುಗಿಸಿ, "ನಾನ್ ಹೋಗಿ ಒಸಿ ಒರಗ್ತೀನಿ" ಅಂತ ಎದ್ದರು. ಅವರಿಗೋಸ್ಕರ ಕಾರು ಲಾಕ್ ಮಾಡಿರಲಿಲ್ಲ. ನಾವು ಕಾಫಿ ಕುಡಿದು ಬಂದಾಗ ಹಿಂದಿನ ಸೀಟಿನಲ್ಲಿ ಸೆರಗು ಮುಖದ ತುಂಬ ಹೊದ್ದು ಮಲಗಿದ್ದರು. ಪಕ್ಕದ ಕಾರು ಆಗಲೇ ಹೊರಟುಹೋಗಿತ್ತು. ಎಬ್ಬಿಸುವುದು ಬೇಡ ಅಂತ ಮೆಲ್ಲಗೆ ಬಾಗಿಲು ಹಾಕಿ ನಾವೂ ಹೊರಟೆವು.

ಸ್ವಲ್ಪ ದೂರ ಬಂದ ಮೇಲೆ ಇವರು, "ಅಮ್ಮಾ, ಎಸಿ ಕಡಿಮೆ ಮಾಡ್ಲಾ?" ಅಂತ ಕೇಳಿದರು.

ಸೆರಗಿನೊಳಗಿಂದ, "ತಗ್ಗಿಂಚು ನಾಯನಾ" ಅಂತ ಉತ್ತರ ಬಂತು. ತೆಲುಗಿನಲ್ಲಿ.

ನಮ್ಮ ಕಡೆ ಇದೇನೂ ದೊಡ್ಡ ವಿಷಯವಲ್ಲ. ಎಲ್ಲರಿಗೂ ಮೂರೂ ಭಾಷೆ ಬರುತ್ತದೆ. ನಮ್ಮ ಅತ್ತೆ ಮಗನ ಮೇಲೆ ಮುನಿಸಿಕೊಂಡರೆ ತೆಲುಗಿಗೆ ಇಳಿಯುತ್ತಾರೆ. ಇವರು ನನ್ನ ಕಿವಿಯಲ್ಲಿ, "ಅಮ್ಮನಿಗೆ ಏನೋ ಸಿಟ್ಟು ಬಂದಿದೆ, ಮಾತಾಡಿಸಬೇಡ" ಅಂದರು. ಸುಮ್ಮನೆ ಓಡಿಸಿದೆ.

ಶೂಲಗಿರಿ ಹತ್ತಿರ ಬಂದಾಗ ಹಿಂದಿನಿಂದ ಮತ್ತೆ ಧ್ವನಿ. "ಕುಪ್ಪಂ ಇಂಕಾ ಎಂತ ದೂರಂ?" ಕುಪ್ಪಂ ಎಷ್ಟು ದೂರ ಅಂತ. ಕುಪ್ಪಂ ಇರುವುದು ಆಂಧ್ರದಲ್ಲಿ, ಬೇರೆಯದೇ ರಸ್ತೆ. ಕನ್ನಡಿಯಲ್ಲಿ ನೋಡಿದೆ. ಸೆರಗು ಸರಿದಿತ್ತು. ಜೀವಮಾನದಲ್ಲಿ ನಾನು ನೋಡಿರದ ಮುಖ!

ಹೇಗೆ ಬ್ರೇಕ್ ಹಾಕಿದೆನೋ, ಕಾರು ಪಕ್ಕಕ್ಕೆ ನಿಂತಿತು. ನಮ್ಮ ಮನೆಯವರು ತಿರುಗಿ ನೋಡಿ, "ಅಮ್ಮ! ನಮ್ಮಮ್ಮ ಎಲ್ಲಿ?" ಅಂತ ಅಳುವವರ ಹಾಗೆ ಕೇಳಿದರು. ಆ ಹೆಂಗಸು ಏನೂ ಗಾಬರಿಯಾಗದೆ ಸೊಂಟದ ಚೀಲದಿಂದ ಮೊಬೈಲ್ ತೆಗೆದು, ಮಗನ ನಂಬರ್ ಒತ್ತಿ ನನ್ನ ಕೈಗೆ ಕೊಟ್ಟರು.

ಆ ಕಡೆ ಮಗ ಎತ್ತಿಕೊಂಡ. ನಿಮ್ಮ ತಾಯಿ ನಮ್ಮ ಕಾರಿನಲ್ಲಿದ್ದಾರೆ ಅಂತ ನನಗೆ ಬಂದ ತೆಲುಗಿನಲ್ಲಿ ಹೇಳಿದೆ. ಅವನಿಗೆ ಸಿಟ್ಟು ಬಂತು. ಯಾರಮ್ಮಾ ನೀನು, ತಮಾಷೆ ಮಾಡ್ತೀಯಾ, ನಮ್ಮಮ್ಮ ನನ್ನ ಹಿಂದಿನ ಸೀಟಲ್ಲೇ ಮಲಗಿದ್ದಾರೆ ಅಂದ.

"ಒಂದು ಸಲ ಸೆರಗು ಸರಿಸಿ ನೋಡಪ್ಪಾ" ಅಂದೆ.

ಬ್ರೇಕ್ ಹಾಕಿದ ಸದ್ದು ಬಂತು. ಆಮೇಲೆ ಅವನ ಹೆಂಡತಿ ಕಿರುಚಿದ್ದು ಕೇಳಿಸಿತು.

ಎರಡೂ ಕಾರು ತಿರುಗಿಸಿಕೊಂಡು ಅದೇ ಹೋಟೆಲಿಗೆ ಬಂದೆವು. ಅತ್ತೆ ಆ ಕಾರಿನಿಂದ ಆಕಳಿಸುತ್ತಾ ಇಳಿದರು, ಕೈಯಲ್ಲಿ ಅವರು ಕೊಟ್ಟ ಬಾಳೆಹಣ್ಣಿನ ಚಿಪ್ಪು. ನಮ್ಮ ಮನೆಯವರು ಓಡಿಹೋಗಿ ಕೈ ಹಿಡಿದುಕೊಂಡರು. ಆ ಕಾರಿನವರೂ ತಮ್ಮ ತಾಯಿಗೋಸ್ಕರ ಲಾಕ್ ಮಾಡಿರಲಿಲ್ಲವಂತೆ, ಇಬ್ಬರು ತಾಯಂದಿರೂ ಅದಲುಬದಲಾಗಿ ಹತ್ತಿದ್ದರು. ಅವರೂ ನಾವೂ ನಕ್ಕು, ಕ್ಷಮೆ ಕೇಳಿಕೊಂಡು, ತಾಯಂದಿರನ್ನು ಬದಲಾಯಿಸಿಕೊಂಡು ಹೊರಟೆವು.

ಕಾರು ಹತ್ತಿದ ಮೇಲೆ ನಾನು ಕೇಳಿದೆ. "ಅತ್ತೇ, ಪೂರ್ತಿ ನಿದ್ದೆ ಬಂದ್ಬಿಟ್ಟಿತ್ತಾ? ಎಚ್ಚರಾನೇ ಆಗ್ಲಿಲ್ವಾ?"

"ಎಚ್ರ ಆಗಿತ್ತು ಕಣವ್ವಾ. ಆವಾಗ್ಲೇ ಇದು ನಮ್ ಕಾರಲ್ಲ ಅಂತ ಗೊತ್ತಾಗೋಯ್ತು."

"ಮುಖ ನೋಡಿದ್ರಾ?"

"ಮುಖ ಯಾಕ್ ನೋಡ್ಬೇಕು? ಅಷ್ಟೊತ್ತಾದ್ರೂ ಒಬ್ರೂ ಪರ್ಸೆಂಟು ಅನ್ಲಿಲ್ಲ."

ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. "ಗೊತ್ತಾಗಿದ್ರೆ ಬಾಯಿಬಿಟ್ಟು ಹೇಳೋದಲ್ವೇನಮ್ಮಾ? ನಮ್ಮ ಜೀವ ಹೋಗಿತ್ತು!"

ಅತ್ತೆ ಸೆರಗು ಹೊದ್ದುಕೊಂಡು ಸೀಟಿಗೆ ಒರಗಿದರು.

"ಯೋಳಿದ್ರೆ ಈ ಕಾರ್ಗೆ ಕಳಿಸ್ಬುಡ್ತಿದ್ರಲ್ಲೋ ಮಗಾ!"