ಚಿಕ್ಕಪ್ಪನ ಪಂಕ್ತಿಯಲ್ಲಿ ಪಾಯಸವಿಲ್ಲ

ಹುಲ್ಲಹಳ್ಳಿಯ ಆ ಮನೆಯ ನಡುಮನೆಯಲ್ಲಿ ಅಂದು ಊಟಕ್ಕೆ ಕೂತಿದ್ದವರು ಇಷ್ಟು ಜನ: ಗೋಡೆಗೆ ಒರಗಿ ನಮ್ಮಜ್ಜಿ, ಅಜ್ಜಿಯ ಪಕ್ಕ ಅಪ್ಪ, ಅಪ್ಪನ ಪಕ್ಕ ನಾನು, ಎದುರು ಸಾಲಿನಲ್ಲಿ ಹುಡುಗನ ಕಡೆಯ ಹಿರಿಯರು, ನಮ್ಮ ಸಾಲಿನ ತುದಿಯಲ್ಲಿ, ಬಾಗಿಲಿಗೆ ತೀರಾ ಹತ್ತಿರವಾಗಿ, ನಮ್ಮ ಚಿಕ್ಕಪ್ಪ. ಬಾಗಿಲಿಗೇ ಯಾಕೆ ಹತ್ತಿರ ಎನ್ನುತ್ತೀರಾ? ಇಡೀ ಕತೆ ಇರುವುದೇ ಅಲ್ಲಿ!

ನಮ್ಮ ಚಿಕ್ಕಪ್ಪ ಪಾಯಸದ ಮುಖ ನೋಡಿದವರಲ್ಲ. ನಂಜನಗೂಡಿನ ಪೇಟೆಯಲ್ಲಿ ಅವರದು ಬಾಳೆ ಎಲೆಯ ಅಂಗಡಿ. ಸುತ್ತಮುತ್ತ ಎಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಎಲೆ ಅವರದೇ. ಅವರು ಕೊಟ್ಟ ಎಲೆಯ ಮೇಲೆ ಪಾಯಸ ಉಂಡು ತೇಗಿದವರ ಸಾಲು ನಿಲ್ಲಿಸಿದರೆ ನಮ್ಮೂರಿನಿಂದ ಚಿಕ್ಕಯ್ಯನಛತ್ರ ಮುಟ್ಟೀತು. ಆದರೆ ಸ್ವಂತಕ್ಕೆ? ನಮ್ಮ ಕಡೆ ಪಾಯಸ ಬರುವುದು ಅನ್ನ ಸಾರು ಆದ ಮೇಲೆ. ಅಷ್ಟು ಹೊತ್ತು ಮುನಿಸಿಕೊಳ್ಳದೆ ಕೂತಿರುವುದು ಚಿಕ್ಕಪ್ಪನ ಕೈಲಿ ಆಗುತ್ತಿರಲಿಲ್ಲ. ಪಕ್ಕದವರಿಗೆ ಕೋಸಂಬರಿ ಒಂದು ಚಮಚ ಹೆಚ್ಚು ಬಿತ್ತೋ, ಎದ್ದರು! "ಯಾವಾಗ ಬಂದ್ರಿ?" ಎಂದು ಯಾರಾದರೂ ಕೇಳಿದರೋ, "ಓ, ಬಂದಿದ್ದೇ ಗೊತ್ತಾಗ್ಲಿಲ್ವಾ" ಎಂದು ಎದ್ದರು! ಯಾರೂ ಏನೂ ಕೇಳಲಿಲ್ಲವೋ, ಅದಕ್ಕೂ ಎದ್ದರು! ಚಪ್ಪಲಿಯನ್ನಂತೂ ಎಲ್ಲರ ರಾಶಿಯಲ್ಲಿ ಬಿಡುತ್ತಲೇ ಇರಲಿಲ್ಲ. ಒಂದು ಮೂಲೆಯಲ್ಲಿ, ತುದಿ ಬೀದಿಯ ಕಡೆಗೆ ಮಾಡಿ, ಎದ್ದವರು ಹಾಗೇ ಕಾಲು ತೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಡಲು ಅನುಕೂಲವಾಗುವಂತೆ ಬಿಟ್ಟು ಬರುತ್ತಿದ್ದರು.

ಅವರೊಬ್ಬರೇ ಎದ್ದು ಹೋದರೆ ಹೋಗಲಿ ಬಿಡಿ. ಆದರೆ ನಮ್ಮಜ್ಜಿಯ ಕಾನೂನು ಒಂದಿತ್ತಲ್ಲ! ಪಂಕ್ತಿಯಲ್ಲಿ ಒಬ್ಬರು ಎದ್ದರೆ ಎಲ್ಲರೂ ಏಳಬೇಕು. ಹೆಡತಲೆ ಎಂಬ ಊರಿನ ತವರಿನಿಂದ ಅಜ್ಜಿ ತಂದ ಸೊತ್ತುಗಳಲ್ಲಿ ಒಂದು ತಾಮ್ರದ ಹಂಡೆ, ಇನ್ನೊಂದು ಈ ಕಾನೂನು. ಹಂಡೆ ಆಮೇಲೆ ತೂತಾಯಿತು, ಕಾನೂನು ಆಗಲಿಲ್ಲ. ಹಾಗಾಗಿ ಚಿಕ್ಕಪ್ಪ ಮುನಿಸಿಕೊಂಡು ಎದ್ದರೆ ಅಜ್ಜಿಯೂ ಏಳುತ್ತಿದ್ದರು, ಅಜ್ಜಿ ಎದ್ದರೆ ನಾವು ಕೂತಿರುವುದುಂಟೇ? ನೆಂಟರಿಷ್ಟರೆಲ್ಲ ಊಟದ ಮನೆಗೆ ಕಾಲಿಟ್ಟ ತಕ್ಷಣ ಮೊದಲು ನೋಡುತ್ತಿದ್ದುದು ಚಿಕ್ಕಪ್ಪ ಯಾವ ಸಾಲಿನಲ್ಲಿ ಕೂತಿದ್ದಾರೆ ಎಂದು. ಆ ಸಾಲು ಬಿಟ್ಟು ಮಿಕ್ಕ ಸಾಲಿಗೆ ನೂಕುನುಗ್ಗಲು!

ಹುಲ್ಲಹಳ್ಳಿಗೆ ನಾವು ಹೋಗಿದ್ದು ಚಿಕ್ಕಪ್ಪನ ಒಬ್ಬಳೇ ಮಗಳು ಪುಟ್ಟಿಯ ಮದುವೆ ಮಾತಿಗೆ. ಮಾತೆಲ್ಲ ಚೆನ್ನಾಗಿಯೇ ನಡೆದಿತ್ತು. ಊಟಕ್ಕೆ ಕೂತು ಅನ್ನ ಕಲಸಿದ್ದೂ ಆಯಿತು. ಪಾಯಸದ ಪಾತ್ರೆ ಅಡುಗೆಮನೆಯ ಹೊಸಲು ದಾಟಿತು. ನಾನು ಬೆರಳು ನೆಕ್ಕಿ ಸಿದ್ಧನಾದೆ. ಅಷ್ಟರಲ್ಲಿ ಹುಡುಗನ ದೊಡ್ಡಪ್ಪ, ಪಾಪ ಮಾತಿಗೆ ಮಾತು ಸೇರಿಸೋಣ ಎಂದು, "ಈಗೆಲ್ಲ ಪೇಪರ್ ಪ್ಲೇಟು ಬಂದವಲ್ಲಾ ಸಾ, ನಿಮ್ ಎಲೆ ಯಾಪಾರ ಎಂಗೆ?" ಎಂದರು.

ಚಿಕ್ಕಪ್ಪ ಎದ್ದರು. ಅಜ್ಜಿ ಎದ್ದರು. ಅಪ್ಪ ಎದ್ದರು. ಪಾಯಸದ ಕಡೆ ಕಡೆಯ ಸಲ ನೋಡಿ ನಾನೂ ಎದ್ದೆ. ಏನಾಯಿತೆಂದು ತಿಳಿಯದೆ ಎದುರು ಸಾಲಿನವರೂ ಎದ್ದು ನಿಂತರು. ಮದುವೆ ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದಾಗ ಪುಟ್ಟಿ ಬಾಗಿಲಲ್ಲೇ ಇದ್ದಳು. ನನ್ನ ಮುಖ ನೋಡಿ, "ಏನ್ ಪಾಯಸ ಮಾಡಿದ್ರಣ್ಣ?" ಎಂದಳು. ನಾನು ಬಗ್ಗಿ ಚಪ್ಪಲಿ ಬಿಡತೊಡಗಿದೆ. ಅವಳಿಗೆ ಗೊತ್ತಾಯಿತು. ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಚಿಕ್ಕಪ್ಪ ಜಗಲಿಯ ಮೇಲೆ ಕೂತರು, ಎದ್ದರು, ಇನ್ನೊಂದು ಕಡೆ ಕೂತರು. "ಏನ್ ಮಾಡ್ಲಿ ಅಣ್ಣಯ್ಯ? ನಾನ್ ಏಳಲ್ಲ, ಕಾಲು ಏಳ್ತವೆ. ಎದ್ದು ನಿಂತ ಮೇಲೆ ನಂಗೇ ಗೊತ್ತಾಗೋದು."

"ಹಂಗಾರೆ ಕಾಲ್ನೇ ಮನೇಲಿ ಬುಟ್ಟು ಬತ್ತಿಯೇನ್ಲಾ?" ಎಂದರು ಅಜ್ಜಿ.

ಆವತ್ತಿನಿಂದ ಚಿಕಿತ್ಸೆ ಶುರುವಾಯಿತು ನೋಡಿ! ಎಲೆ ಕೊಳ್ಳಲು ಬಂದ ಮೇಷ್ಟರೊಬ್ಬರು, ಸಿಟ್ಟು ಬಂದಾಗ ಒಂದು ಎರಡು ಎಂದು ಎಣಿಸಿ ಎಂದರು. ಚಿಕ್ಕಪ್ಪ ಮುಂದಿನ ಮದುವೆಯಲ್ಲಿ ಎಣಿಸಿದರು. ಮನಸ್ಸಿನಲ್ಲಿ ಎಣಿಸಬೇಕು ಎಂದು ಮೇಷ್ಟರು ಹೇಳಿರಲಿಲ್ಲ. ಹೋಳಿಗೆ ಬಡಿಸುತ್ತಿದ್ದವನು ಇವರ ಎಣಿಕೆ ಕೇಳಿ, "ಯಾಕ್ ಸಾ, ನಾನೇನ್ ಮನೆಗೆ ಒತ್ಕೊಂಡೋಯ್ತೀನಾ?" ಎಂದು ಸೆಟೆದು ನಿಂತ. ಈಗ ಮುನಿಸಿಕೊಂಡವರು ಇಬ್ಬರು!

ಆಮೇಲೆ ನೀರು. ಏಳಬೇಕು ಅನ್ನಿಸಿದಾಗಲೆಲ್ಲ ಒಂದು ಲೋಟ ನೀರು ಕುಡಿಯುವುದು ಎಂದು ನನ್ನ ಸಲಹೆ. ಪಲ್ಯಕ್ಕೆ ಒಂದು ಲೋಟ, ಚಿತ್ರಾನ್ನಕ್ಕೆ ಒಂದು ಲೋಟ, ಉಪ್ಪಿನಕಾಯಿ ತಡವಾಗಿದ್ದಕ್ಕೆ ಇನ್ನೊಂದು. ಮುನಿಸೇನೋ ಇಳಿಯಿತು. ಆದರೆ ಸಾರಿನ ಹೊತ್ತಿಗೆ ಬೇರೆ ಕಾರಣಕ್ಕೆ ಅವಸರವಾಗಿ ಏಳಬೇಕಾಯಿತು. ಅಜ್ಜಿಯ ಕಾನೂನಿನಲ್ಲಿ ಕಾರಣಕ್ಕೆ ಬೆಲೆಯಿರಲಿಲ್ಲ. ಎಲ್ಲರೂ ಎದ್ದೆವು.

ಕಡೆಗೆ ಅಪ್ಪ, ಚಿಕ್ಕಪ್ಪನ ಅಂಗವಸ್ತ್ರದ ತುದಿಯನ್ನು ನನ್ನ ಪಂಚೆಗೆ ಗಂಟು ಹಾಕಿ ಕೂರಿಸಿದರು. ಚಿಕ್ಕಪ್ಪ ಎದ್ದರು. ಮುಂದಿನದು ಬೇಡ ಬಿಡಿ, ಆ ಕಲ್ಯಾಣಮಂಟಪಕ್ಕೆ ನಾನು ಮತ್ತೆ ಹೋಗಿಲ್ಲ.

ಆ ದಿನ ಸಿಟ್ಟಿನಲ್ಲಿ ನಾನು ಅಪ್ಪನನ್ನು ಕೇಳಿದೆ. "ಈ ಮನುಷ್ಯನಿಗೆ ಏನು ರೋಗ?"

ಅಪ್ಪ ಹೇಳಿದರು. "ಚಿಕ್ಕೋರಾಗಿದ್ದಾಗ ಒಂದು ಮದುವೇಲಿ ನಾನು, ಅವನು ಅಕ್ಕಪಕ್ಕ ಕೂತಿದ್ವಿ ಕಣೋ. ಪಾಯಸ ಬಡಿಸ್ತಾ ಬತ್ತಿದ್ರು. ಅಷ್ಟೊತ್ತಿಗೆ ಯಾರೋ ದೊಡ್ಡ ಮನುಷ್ಯರು ಬಂದ್ರು, ಜಾಗ ಇರ್ಲಿಲ್ಲ. ನಮ್ಮಪ್ಪ ಬಂದು ಅವನ ರಟ್ಟೆ ಹಿಡಿದು ಏಳಿಸಿಬಿಟ್ರು. ಉಣ್ತಾ ಇದ್ದೋನನ್ನ. ಎಲ್ಲ ನೋಡಿ ನಕ್ಕರು. ನಮ್ಮವ್ವ ಅಲ್ಲೇ ತುಪ್ಪ ಬಡಿಸ್ತಿದ್ರು, ಮಾವನೋರ ಮುಂದೆ, ಗಂಡನ ಮುಂದೆ ಬಾಯಿ ಬಿಡೋ ಕಾಲವಾ ಅದು? ಅವತ್ತಿನಿಂದ ಅವನು ಯಾರಾರ ಏಳಿಸೋಕೆ ಮುಂಚೆ ತಾನೇ ಎದ್ದುಬಿಡ್ತಾನೆ."

"ಅವತ್ತು ಪಂಕ್ತಿಯೆಲ್ಲ ಏಳಲಿಲ್ವಾ?"

"ಇಲ್ಲ. ನಾನೂ ಏಳ್ಲಿಲ್ಲ. ಪಾಯಸ ಉಂಡೆ."

ಅಜ್ಜಿಯ ಕಾನೂನು ಹೆಡತಲೆಯಿಂದ ಬಂದದ್ದೇನೋ ಹೌದು. ಅದು ನಮ್ಮ ಮನೆಯಲ್ಲಿ ಜಾರಿಗೆ ಬಂದದ್ದು ಆ ಮದುವೆಯಾದ ಮೇಲೆ ಎಂದು ನನಗೆ ಆಗ ತಿಳಿಯಿತು.

ಕಡೆಗೆ ಔಷಧ ಕಂಡುಹಿಡಿದವರು ಚಿಕ್ಕಮ್ಮ. ಒಂದು ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಚಿಕ್ಕಪ್ಪ ಹಪ್ಪಳದ ವಿಷಯಕ್ಕೆ ಎದ್ದರು. ಚಿಕ್ಕಮ್ಮ ತಲೆ ಎತ್ತಲೂ ಇಲ್ಲ.

"ಎದ್ರಲ್ಲಾ, ಹಂಗೇ ಆ ಸಾರಿನ ಬಕೆಟ್ಟು ತಗೊಂಡ್ ಬನ್ನಿ."

"ನಾನು ಮುನಿಸಿಕೊಂಡು ಎದ್ದಿರೋದು ಕಣೇ!"

"ಮುನಿಸ್ಕಳಿ, ಯಾರು ಬೇಡ ಅಂದ್ರು? ಬಕೆಟ್ಟು ಹಿಡ್ಕೊಂಡು ಮುನಿಸ್ಕಳಿ. ಕಾಲು ಏಳೋದನ್ನ ನಿಮ್ ಕೈಲಿ ತಡೆಯಕ್ಕಾಗಲ್ಲ. ಎದ್ದ ಕಾಲು ಬಸ್‌ಸ್ಟ್ಯಾಂಡಿಗೇ ಯಾಕೆ ಓಗ್ಬೇಕು? ಅಡುಗೆಮನೆಗೆ ಓಗ್ಲಿ."

ಆದರೆ ತೊಡಕು ಬಂತು. ಉಣ್ಣುತ್ತಿದ್ದ ಕೈ ಎಂಜಲು, ಸೌಟು ಮುಟ್ಟುವ ಹಾಗಿಲ್ಲ. ಅದೂ ಅಲ್ಲದೆ ಒಬ್ಬರು ಎದ್ದ ಮೇಲೆ ಬಡಿಸುವುದು ಯಾರಿಗೆ? ಎಲ್ಲರೂ ಎದ್ದಿರುತ್ತಾರಲ್ಲ! ಪ್ರಕರಣ ಅಜ್ಜಿಯ ಮುಂದೆ ಹೋಯಿತು. ಅಜ್ಜಿ ಎಲೆ ಅಡಿಕೆ ಕುಟ್ಟುತ್ತಾ ಯೋಚಿಸಿ ತೀರ್ಪು ಕೊಟ್ಟರು. "ಅನ್ನ ಕಲಸೋಕೆ ಮುಂಚೆ ಎದ್ರೆ ಅದು ಏಳೋದಲ್ಲ. ಕಲಸಿದ ಮೇಲೆ ಎದ್ರೆ ಎಲ್ಲಾರೂ ಏಳ್ಬೇಕು. ಮುನಿಸ್ಕೊಳ್ಳೋನು ಬಿರ್‌ಬಿರ್ನೆ ಮುನಿಸ್ಕೊಂಡು ಎದ್ಬುಡ್ಲಿ!"

ಮೊದಮೊದಲು ನಮ್ಮ ಗತಿ ಕೇಳಬೇಡಿ. ಚಿಕ್ಕಪ್ಪನದು ಸಿಟ್ಟಿನ ಸಾರು! ಸೌಟನ್ನು ಎಲೆಯ ಮೇಲೆ ಬಡಿದರೆ ಒಗ್ಗರಣೆಯ ಸಾಸಿವೆ ನಮ್ಮ ಕನ್ನಡಕದ ಮೇಲೆ. ಅಂಗಿಗೆಲ್ಲ ಅರಿಸಿನದ ಚುಕ್ಕೆ. ಆದರೆ ಒಂದು ವಿಚಿತ್ರ ನೋಡಿ, ಬಕೆಟ್ಟು ಹಿಡಿದವನು ಬಹಳ ಹೊತ್ತು ಸಿಟ್ಟಾಗಿರಲು ಆಗುವುದಿಲ್ಲ. ಬಿಸಿ ಬಕೆಟ್ಟು ಕಾಲಿಗೆ ತಾಗಬಾರದು. ಪ್ರತಿಯೊಬ್ಬರ ಮುಖ ನೋಡಬೇಕು, ಬೇಕೋ ಸಾಕೋ ತಿಳಿಯಬೇಕು. ಸಾಲಿನ ಈ ತುದಿಯಲ್ಲಿ ಹುಬ್ಬು ಗಂಟಿಕ್ಕಿ ಶುರುಮಾಡಿದ ಚಿಕ್ಕಪ್ಪ ಆ ತುದಿ ಮುಟ್ಟುವುದರೊಳಗೆ "ಇನ್ನೊಂಚೂರು ಹಾಕ್ಲಾ?" ಎನ್ನುತ್ತಿದ್ದರು. ಮತ್ತೆ, ಬಡಿಸುವವರನ್ನು ಎಲ್ಲರೂ ಕೇಳುವ ಮಾತು ಒಂದಿದೆಯಲ್ಲ, "ನಿಮ್ದು ಊಟ ಆಯ್ತಾ?" ಎಂದು? ಕೂತಾಗ ಒಬ್ಬರೂ ಕೇಳದಿದ್ದ ಮಾತು, ಬಕೆಟ್ಟು ಹಿಡಿದಾಗ ಸಾಲುಸಾಲಾಗಿ ಎಲ್ಲರೂ ಕೇಳುತ್ತಿದ್ದರು. "ಆಗುತ್ತೆ ಬಿಡಿ, ನೀವು ಊಟ ಮಾಡಿ" ಎನ್ನುವಾಗ ಅವರ ಮುಖ ನೋಡಬೇಕಿತ್ತು!

ಹಾಗೆಂದು ರೋಗ ಪೂರ್ತಿ ಹೋಯಿತು ಎಂದುಕೊಳ್ಳಬೇಡಿ. ನಡುವೆ ಒಂದೆರಡು ಸಲ ಬಕೆಟ್ಟನ್ನೂ ಬಿಟ್ಟು ಬಸ್ಸು ಹತ್ತಿದ್ದುಂಟು. ಒಮ್ಮೆಯಂತೂ ಬಕೆಟ್ಟಿನ ಸಮೇತ!

ಅಷ್ಟರಲ್ಲಿ ಟಿ. ನರಸೀಪುರದಿಂದ ಪುಟ್ಟಿಗೆ ಇನ್ನೊಂದು ಸಂಬಂಧ ಬಂತು. ಹುಡುಗ ಸ್ಕೂಲ್ ಮೇಷ್ಟ್ರು. ಪುಟ್ಟಿಗೂ ಒಪ್ಪಿಗೆ, ಬರೀ ಒಪ್ಪಿಗೆಯಲ್ಲ, ಅವನ ಹೆಸರೆತ್ತಿದರೆ ಸಾರಿಗೆ ಎರಡು ಸಲ ಉಪ್ಪು ಹಾಕುವಷ್ಟು ಒಪ್ಪಿಗೆ. ಎಲೆ ಅಡಿಕೆ ಬದಲಾಯಿಸಿ ಮಾತು ಗಟ್ಟಿ ಮಾಡಲು ನಾವು ಅವರ ಮನೆಗೆ ಹೋಗಬೇಕು. ಹೊರಡುವಾಗ ಪುಟ್ಟಿ ಚಿಕ್ಕಪ್ಪನಿಗೆ ಅಂಗವಸ್ತ್ರ ಕೊಟ್ಟು, "ಅಪ್ಪಾ" ಎಂದಳು. ಅದರ ಮಡಿಕೆ ಸರಿಮಾಡಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಚಿಕ್ಕಪ್ಪ ಸೀಟು ಬದಲಾಯಿಸುತ್ತಲೇ ಇದ್ದರು. ಕಂಡಕ್ಟರು, "ಯಜಮಾನ್ರೇ, ಸೀಟೇನ್ ಸುಡ್ತಾ ಅದಾ?" ಎಂದು ಕೇಳಿದ.

ನರಸೀಪುರದವರು ಒಳ್ಳೆಯ ಜನ. ಬೀಗರಿಗೆ ವ್ಯಾಪಾರ ಹೇಳುವುದು ಮರ್ಯಾದೆಯಲ್ಲ ಎಂದುಕೊಂಡು ಎಲೆಯನ್ನು ಬೇರೆ ಅಂಗಡಿಯಿಂದ ತಂದಿದ್ದರು. ಆ ಎಲೆಗಳಲ್ಲಿ ಹರಿದದ್ದು ಒಂದೇ ಒಂದು. ಅದು ಎಲ್ಲಿ ಬಂದು ಕೂರಬೇಕು ಹೇಳಿ? ನೇರವಾಗಿ ಚಿಕ್ಕಪ್ಪನ ಮುಂದೆ! ಚಿಕ್ಕಪ್ಪ ಅದರ ಅಂಚನ್ನು ಬೆರಳಿನಿಂದ ಸವರಿದರು. ಹುಡುಗನ ಸೋದರಮಾವ, ನಗಿಸುವುದೇ ತನ್ನ ಕೆಲಸ ಎಂದು ತಿಳಿದ ಮನುಷ್ಯ, ಜೋರಾಗಿ ಕೇಳಿದ. "ಏನ್ ಬೀಗ್ರೇ, ಎಲೆ ನೋಡ್ತಾ ಇದ್ದೀರಿ? ನಿಮ್ ನಂಜನಗೂಡು ಎಲೆಗಿಂತ ನಮ್ದೇ ವಾಸಿ ಅಲ್ವಾ?"

ಸಾಲಿಗೆ ಸಾಲೇ ನಕ್ಕಿತು.

ಚಿಕ್ಕಪ್ಪ ಎದ್ದರು.

ಎಲೆಗೆ ಅನ್ನ ಬಿದ್ದಿತ್ತು, ಇನ್ನೂ ಕಲಸಿರಲಿಲ್ಲ, ಆದ್ದರಿಂದ ನಾವು ಏಳುವಂತಿರಲಿಲ್ಲ. ಎಡಕ್ಕೆ ಬೀದಿಬಾಗಿಲು. ಆಚೆ ಅವರ ಚಪ್ಪಲಿ, ತುದಿ ಬೀದಿಯ ಕಡೆಗೆ. ಬಲಕ್ಕೆ ಹಿತ್ತಲು, ಅಡುಗೆ ಒಲೆ. ಚಿಕ್ಕಪ್ಪ ಎಡಕ್ಕೆ ಎರಡು ಹೆಜ್ಜೆ ಹಾಕಿದರು. ಅಪ್ಪ ಕಣ್ಣು ಮುಚ್ಚಿಕೊಂಡರು. ಚಿಕ್ಕಮ್ಮನ ಕೈ ತಾಳಿಗೆ ಹೋಯಿತು. ಚಿಕ್ಕಪ್ಪ ನಿಂತರು. ನಿಂತಲ್ಲೇ ಅತ್ತ ಇತ್ತ ನೋಡಿದರು, ಏನೋ ಕಳೆದುಕೊಂಡವರ ಹಾಗೆ. ಆಮೇಲೆ ತಿರುಗಿ ಬಲಕ್ಕೆ ಹೋದರು.

ಬರುವಾಗ ಕೈಯಲ್ಲಿ ಬಕೆಟ್ಟಿತ್ತು!

"ಅಯ್ಯಯ್ಯೋ, ನೀವ್ಯಾಕೆ ಬೀಗ್ರೇ, ಕೂತ್ಕಳಿ ಕೂತ್ಕಳಿ!" ಎಂದು ಮನೆಯವರೆಲ್ಲ ಗಾಬರಿಯಾದರು. ಚಿಕ್ಕಪ್ಪ ಆ ಸೋದರಮಾವನ ಮುಂದೆಯೇ ಮೊದಲು ನಿಂತರು. ಸೌಟು ಎತ್ತಿದರು. ನನಗೆ ಸಾಸಿವೆಯ ನೆನಪಾಗಿ ಕನ್ನಡಕ ತೆಗೆದುಬಿಟ್ಟೆ! ಒಂದು ಹನಿ ಆಚೆ ಬೀಳಲಿಲ್ಲ. "ಎಲೆ ನಿಮ್ದೇ ವಾಸಿ ಅಂತ ಇಟ್ಕೊಳ್ಳಿ ಬೀಗ್ರೇ. ಬಡಿಸೋದ್ರಲ್ಲಿ ಮಾತ್ರ ನಮ್ಮೂರ್ನೋರ್ನ ಸೋಲಿಸೋಕಾಗಲ್ಲ. ಸಾರು ಹಾಕ್ಲಾ?"

"ಹಾಕಿ ಹಾಕಿ" ಎಂದ ಆತ, ಮುಖ ಸ್ವಲ್ಪ ಮೆತ್ತಗೆ ಮಾಡಿಕೊಂಡು. "ನಿಮ್ದು ಊಟ?"

ಮಾತು ಗಟ್ಟಿಯಾಯಿತು. ಆ ದಿನ ನಮ್ಮ ಸಾಲಿನವರೆಲ್ಲ ಪಾಯಸ ಉಂಡೆವು. ಚಿಕ್ಕಪ್ಪನದು ಕಡೆಯ ಪಂಕ್ತಿ. ಕೂತರು, ಪಾಯಸ ಬರುವ ಹೊತ್ತಿಗೆ ಬಸ್ಸಿನ ಹೊತ್ತಾಯಿತೆಂದು ಎದ್ದರು. ಒಂದೇ ದಿನ ಎಲ್ಲ ಆಗಬೇಕೆಂದರೆ ಹೇಗೆ?

ಮದುವೆ ನಂಜನಗೂಡಿನಲ್ಲೇ ಆಯಿತು. ಬೆಳಗಿನಿಂದ ಬಡಿಸಿ ಬಡಿಸಿ, ಅಡುಗೆಯವರ ಜೊತೆ ಕಡೆಯ ಪಂಕ್ತಿಗೆ ಚಿಕ್ಕಪ್ಪ ಕೂತಾಗ ಮಧ್ಯಾಹ್ನ ಇಳಿದಿತ್ತು. ಪಕ್ಕದ ಎಲೆಯ ಮುಂದೆ ಅಜ್ಜಿ ಬಂದು ಕೂತರು. ಮೊದಲ ಪಂಕ್ತಿಗೇ ಕರೆದರೂ ಹಸಿವಿಲ್ಲ ಎಂದು ಕಂಬಕ್ಕೆ ಒರಗಿ ಅಷ್ಟು ಹೊತ್ತೂ ಕಾದಿದ್ದರು. ಅನ್ನ ಸಾರು ಆಯಿತು. ಪಾಯಸ ಬಂತು, ಎಲೆಗೆ ಬಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ತಡವಾಗಿ ಬಂದ ನೆಂಟರೊಬ್ಬರು ನಿಂತು ಜಾಗ ಹುಡುಕಿದರು. ಚಿಕ್ಕಪ್ಪ ಅರ್ಧ ಎದ್ದರು.

ಅಜ್ಜಿ ತಮ್ಮ ಎಡಗೈಯನ್ನು ಅವರ ಮೊಣಕಾಲಿನ ಮೇಲೆ ಇಟ್ಟರು.

"ಕೂತ್ಕೋ ಮಗಾ. ಅವ್ರು ಕಾಯ್ತಾರೆ."

ಚಿಕ್ಕಪ್ಪ ಕೂತರು. ಪಾಯಸವನ್ನು ನಿಧಾನವಾಗಿ, ಬೆರಳಿನಿಂದ ಎಲೆಯ ಗೀರು ಗೀರು ಸವರಿ ಉಂಡರು. ಅಡುಗೆಯವರೆಲ್ಲ ಉಂಡು ಮುಗಿಸಿ ಕೈ ಒಣಗಿಸಿಕೊಂಡು ಕಾದರು, ಯಾರೂ ಏಳಲಿಲ್ಲ. ಕೈ ಮೊದಲೇ ಒಣಗಿದ್ದ ಅಜ್ಜಿ ಕಡೆಯವರೆಗೂ ಮಗನ ಎಲೆಯನ್ನೇ ನೋಡುತ್ತಿದ್ದರು. ಸಂಜೆ ಚಿಕ್ಕಪ್ಪ ತಮ್ಮ ಚಪ್ಪಲಿ ಕಾಣದೆ ಮಂಟಪದಲ್ಲೆಲ್ಲ ರಂಪ ಮಾಡಿದರು. ಅದು ಎಲ್ಲರ ಚಪ್ಪಲಿಗಳ ರಾಶಿಯ ಅಡಿಯಲ್ಲಿತ್ತು. ಬಿಟ್ಟವರು ಅವರೇ!

ಕೆಲವು ವರ್ಷಗಳಾದ ಮೇಲೆ ಅಜ್ಜಿ ತೀರಿಕೊಂಡರು. ತಿಥಿಯ ದಿನ ಚಿಕ್ಕಪ್ಪ ಎಲ್ಲ ಪಂಕ್ತಿಗೂ ತಾವೇ ಬಡಿಸಿದರು. ಕಡೆಯ ಪಂಕ್ತಿಗೆ ಎರಡು ಎಲೆ ಹಾಸಿದರು. ಪಕ್ಕದ ಎಲೆಗೆ ಮೊದಲು ಪಾಯಸ ಬಡಿಸಿ, ತಮ್ಮ ಎಲೆಗೂ ಬಡಿಸಿಕೊಂಡು, ಕೂತು ಊಟ ಮುಗಿಸಿದರು.