ಕೊನೆಯ ಮನೆಯ ನಲ್ಲಿ

ಹೊಳೆನರಸೀಪುರದ ಆ ಬೀದಿಯಲ್ಲಿ ಡ್ರಾಯಿಂಗ್ ಮೇಷ್ಟ್ರು ಅಮರನಾಥನದು ಕೊನೆಯ ಮನೆ. ಊರ ಪಕ್ಕದಲ್ಲೇ ಹೇಮಾವತಿ ಹರಿದರೂ, ನೀರು ಬಿಟ್ಟ ದಿನ ಅವನ ನಲ್ಲಿ ಶೀತವಾದ ಮೂಗಿನಂತೆ ಸುರ್ ಸುರ್ ಎನ್ನುತ್ತಿತ್ತೇ ಹೊರತು ಒಂದು ಬಿಂದಿಗೆ ತುಂಬಿಸುತ್ತಿರಲಿಲ್ಲ. ಮೇಲಿನ ಮನೆಗಳವರೆಲ್ಲ ಪುರಸಭೆಯ ಪೈಪಿಗೇ ಮೋಟರ್ ಹಾಕಿ ನೀರೆಳೆಯುತ್ತಿದ್ದರು.

ಪುರಸಭೆಗೆ ಅಲೆದು ಅಲೆದು ಅಮರನಾಥನ ಚಪ್ಪಲಿ ಸವೆದ ಮೇಲೆ, ಅಲ್ಲಿನ ಇಂಜಿನಿಯರ್ ಮನೋಹರ ತಾವೇ ಬಂದು ನೋಡಲು ಒಪ್ಪಿದರು. ಮೋಟರ್ ಸಿಕ್ಕರೆ ಜಪ್ತಿ, ಆ ಮನೆಯ ನಲ್ಲಿ ಕಟ್. ಸಂತೋಷ ತಡೆಯಲಾರದೆ ಅಮರನಾಥ ಹಿಂದಿನ ಸಂಜೆಯೇ ಬೀದಿಗೆಲ್ಲ ಸಾರಿಬಿಟ್ಟ.

"ಮೋಟ್ರು ಮಡಗಿರೋರ‍್ಗೆ ಸರ‍್ಯಾಗಿ ಬುದ್ಧಿ ಕಲಿಸ್ಲಿ ಬುಡಿ ಮೇಷ್ಟ್ರೇ," ಎಂದರು ಎದುರುಮನೆಯ ದಾಕ್ಷಾಯಣಮ್ಮ, ತಮ್ಮ ಮೋಟರ್ ಮೇಲೆ ಕೂತುಕೊಂಡೇ.

ಬೆಳಿಗ್ಗೆ ಇಂಜಿನಿಯರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುವಷ್ಟರಲ್ಲಿ ನೀರು ಬಿಟ್ಟಾಗಿತ್ತು. ಗೇಟಿನ ಬಳಿಯೇ ಜಲಪಾತದ ಸದ್ದು. ಹೆಂಡತಿ ನೇತ್ರಾ ಬಿಂದಿಗೆ, ಬಕೆಟ್ಟು, ಇಡ್ಲಿ ಪಾತ್ರೆ ಎಲ್ಲ ತುಂಬಿಸಿ ಈಗ ಲೋಟಗಳನ್ನು ಹಿಡಿಯುತ್ತಿದ್ದಳು. ಇಷ್ಟು ವರ್ಷ ಹನಿ ನೀರಿಗೆ ಹಂಬಲಿಸಿದ ಅಮರನಾಥ ಓಡಿಹೋಗಿ ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿದ. ನೀರು ಪಕ್ಕದಿಂದ ಚಿಮ್ಮಿ ಇಂಜಿನಿಯರ್ ಪ್ಯಾಂಟನ್ನು ಮೊಣಕಾಲಿನವರೆಗೆ ತೋಯಿಸಿತು.

"ನೀರೇ ಬರಲ್ಲ ಅಂದ್ರಲ್ಲ ಮೇಷ್ಟ್ರೇ?"

ಎಲ್ಲರೂ ಮೋಟರ್ ಬಿಚ್ಚಿ ಬಚ್ಚಿಟ್ಟಿದ್ದಾರೆ, ಹುಡುಕಿಸಿ ಎಂದು ಅಮರನಾಥ ಅಂಗಲಾಚಿದ. ನೀರು ಬಿಡುವ ನಂಜಯ್ಯ ಮನೆಮನೆಯ ಅಟ್ಟ ಹತ್ತಿದ, ಕೊಟ್ಟಿಗೆ ನೋಡಿದ, ಪುಟ್ಟರಾಜುವಿನ ಮನೆಯ ರಾಗಿ ಡ್ರಮ್ಮಿಗೂ ಕೈ ಹಾಕಿದ. ಎಲ್ಲೂ ಒಂದು ಸ್ಕ್ರೂ ಕೂಡ ಸಿಗಲಿಲ್ಲ.

"ನಮ್ಮಂತೋರ ಮ್ಯಾಲೆ ಅನುಮಾನ ಪಡ್ತೀರಲ್ಲ ಸಾ," ಎಂದು ಪುಟ್ಟರಾಜು ಕಣ್ಣೊರೆಸಿಕೊಂಡ.

ಕಾಲೆಲ್ಲ ಕೆಸರಾಗಿದ್ದ ಇಂಜಿನಿಯರ್ ತೊಳೆದುಕೊಳ್ಳಲು ಅಮರನಾಥನ ಬಚ್ಚಲಿನತ್ತ ನಡೆದರು. ನೇತ್ರಾ ಬಾಗಿಲಿಗೆ ಅಡ್ಡ ನಿಂತು, ನೀರು ಇಲ್ಲಿಗೇ ತರುತ್ತೇನೆ ಎಂದಳು. ಅವಳ ಮುಖ ನೋಡಿ ಅವರು ಬಾಗಿಲು ತಳ್ಳಿದರು. ಒಳಗೆ ಒಂದು ಹಳೇ ಜಮಖಾನದಡಿ, ಛತ್ರದಲ್ಲಿ ಮಲಗಿದ ನೆಂಟರಂತೆ, ಬೀದಿಯ ಮೋಟರುಗಳೆಲ್ಲ ಸಾಲಾಗಿ ಒರಗಿದ್ದವು.

"ದೂರು ಕೊಟ್ಟೋರ ಮನೇಲಿ ಯಾರೂ ಹುಡುಕಲ್ಲ ಅಂತ ಒಬ್ಬೊಬ್ಬರೇ ತಂದಿಟ್ರು ಕಣ್ರೀ," ಎಂದು ನೇತ್ರಾ ಗಂಡನಿಗೆ ಪಿಸುಗುಟ್ಟಿದಳು. "ನಿತ್ಯ ಮುಖ ನೋಡೋರು, ಹೆಂಗೆ ಇಲ್ಲ ಅನ್ನಲಿ?"

ಇಂಜಿನಿಯರ್ ಹೊರಗೆ ಬಂದು, ಇವು ಯಾರವು ಎಂದು ಕೇಳಿದರು. ಗೇಟಿನಲ್ಲಿ ನೆರೆದಿದ್ದವರೆಲ್ಲ ತಂತಿಯ ಮೇಲಿನ ಕಾಗೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಒಂದು ಮನೆಗೆ ಇಷ್ಟೊಂದು ಮೋಟ್ರಾ ಮೇಷ್ಟ್ರೇ? ಅದಕ್ಕೇ ನೀರು ಹಿಂಗೆ ಹಾರ್ತಿರೋದು," ಎಂದರು ಇಂಜಿನಿಯರ್.

ಮೋಟರುಗಳು ಟ್ರ್ಯಾಕ್ಟರ್ ಹತ್ತಿದವು. ಅಮರನಾಥನ ನಲ್ಲಿ ಕಟ್ಟಾಯಿತು.

ಮುಂದಿನ ಸಲ ನೀರು ಬಿಟ್ಟಾಗ ಎಳೆಯುವ ಮೋಟರ್ ಒಂದೂ ಇಲ್ಲದೆ, ಬೀದಿಯ ಮೇಲಿನಿಂದ ಕೆಳಗಿನವರೆಗೆ ಪ್ರತಿ ಮನೆಗೂ ಧಾರಾಳವಾಗಿ ನೀರು ಬಂತು, ಒಂದು ಮನೆಯನ್ನು ಬಿಟ್ಟು. ಅಮರನಾಥ ಖಾಲಿ ಬಿಂದಿಗೆ ಹಿಡಿದು ದಾಕ್ಷಾಯಣಮ್ಮನ ಅಂಗಳದಲ್ಲಿ ನಿಂತ.

"ಹಿಡ್ಕೊಳ್ಳಿ ಮೇಷ್ಟ್ರೇ, ಸಂಕೋಚ ಬ್ಯಾಡಿ," ಎಂದರು ಅವರು. "ಆದ್ರೂ ಒಂದ್ಮಾತು. ಅಷ್ಟೊಂದು ಮೋಟ್ರು ಮಡಿಕ್ಕಂಡಿದ್ದು ತಪ್ಪಲ್ವಾ?"