ಮೂವತ್ತೆರಡು ಇಂಚಿನ ನ್ಯಾಯ

ಸದಲಗಾದ ಡೇರಿಯಲ್ಲಿ ಹಾಲು ಅಳೆದುಕೊಳ್ಳುವ ದುಂಡೇಶನ ನ್ಯಾಯಕ್ಕೆ ಹೆಸರಿತ್ತು. ಹತ್ತು ಎಮ್ಮೆಯ ಧಣಿ ಬರಲಿ, ಒಂಟಿ ಆಕಳಿನ ಮುದುಕಿ ಬರಲಿ, ಎಲ್ಲರಿಗೂ ಒಂದೇ ಸಾಲು, ಒಂದೇ ಮಾತು, ಒಂದೇ ಮುಖ (ಆ ಮುಖದಲ್ಲಿ ನಗು ಯಾರಿಗೂ ಸಿಗುತ್ತಿರಲಿಲ್ಲ, ಅಲ್ಲಿಯೂ ಸಮಾನತೆ). ಅಂಥ ಧರ್ಮಪೀಠದ ಮನೆಯಲ್ಲೇ ಒಂದು ವ್ಯಾಜ್ಯ ಹುಟ್ಟಿತು. ಅಡುಗೆಕಟ್ಟೆ ಎಷ್ಟು ಎತ್ತರ ಇರಬೇಕು?

ದುಂಡೇಶನ ತಾಯಿ ಸಾವಿತ್ರೆವ್ವ ಜೀವಮಾನವೆಲ್ಲ ನೆಲದ ಮೇಲೆ ಕುಳಿತೇ ರೊಟ್ಟಿ ಬಡಿದವಳು. ಈಗ ಮೊಣಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಡಾಕ್ಟರು ನೆಲದ ಮೇಲೆ ಕೂರಲೇಬಾರದು ಎಂದ ಮೇಲೆ, ನಿಂತು ಅಡುಗೆ ಮಾಡುವಂಥ ಹೊಸ ಅಡುಗೆಮನೆಗೆ ಕೈಹಾಕಬೇಕಾಯಿತು. ಸಾವಿತ್ರೆವ್ವನ ಎತ್ತರ ನಾಲ್ಕೂವರೆ ಅಡಿ. ಸೊಸೆ ಉಜ್ವಲಾ ಐದು ಅಡಿ ಒಂಬತ್ತು ಇಂಚು. ಕಾಲೇಜಿನಲ್ಲಿ ವಾಲಿಬಾಲ್ ಆಡಿದವಳು. ಬಾಗಿಲು ದಾಟುವಾಗ ಅವಳು ತಲೆ ಬಗ್ಗಿಸುವುದನ್ನು ನೋಡಿ, ಅತ್ತೆಗೆ ಎಷ್ಟು ಮರ್ಯಾದೆ ಕೊಡುತ್ತಾಳೆ ಎಂದು ಓಣಿಯವರು ತಿಳಿದಿದ್ದರು. ಮನೆಯಲ್ಲಿ ರೊಟ್ಟಿಯ ಖಾತೆ ಅತ್ತೆಯದು, ಪಲ್ಯ ಸಾರಿನ ಖಾತೆ ಸೊಸೆಯದು.

ಗೌಂಡಿ ಮಾಳು ಕೆಲಸ ಹಿಡಿದ ಮೊದಲ ದಿನ ಸಾವಿತ್ರೆವ್ವ ಅವನಿಗೆ ಗಟ್ಟಿ ಚಹಾ ಕೊಟ್ಟು, ಕಟ್ಟೆ ಇಪ್ಪತ್ತೇಳು ಇಂಚು ಸಾಕೆಂದಳು. ಅವನು ಕಟ್ಟಿದ. ಮರುದಿನ ಉಜ್ವಲಾ ಬಿಸಿ ಭಜಿ ಕರಿದಿಟ್ಟು ಮೂವತ್ತೇಳು ಎಂದಳು. ಅವನು ಏರಿಸಿದ. ಮೂರನೆಯ ದಿನ ಚಹಾ ಮತ್ತೆ ಬಂತು. ನಾಲ್ಕನೆಯ ದಿನ ಮಾಳು ಸೀದಾ ಡೇರಿಗೇ ಬಂದು ನಿಂತ.

"ದುಂಡೇಶಣ್ಣ, ನನ್ನ ಕಡಿಂದ ಆಗಂಗಿಲ್ಲ. ಅವ್ವಾರ ಚಹಾ ಕುಡದು ಇಳಸ್ತೀನಿ, ವೈನಿಯಾರ ಭಜಿ ತಿಂದು ಏರಸ್ತೀನಿ. ಜಾಗಾ ಭಾಳ ಐತಿ, ಎರಡು ಕಟ್ಟಿ ಕಟ್ಟೂಣು. ಒಂದು ಗಿಡ್ಡ, ಒಂದು ಎತ್ತರ."

"ಒಬ್ಬರಿಗೆ ಗಿಡ್ಡ, ಒಬ್ಬರಿಗೆ ಎತ್ತರ ಅಂದ್ರ ಅದು ಭೇದಭಾವ ಆಗ್ತೈತಿ ಮಾಳು. ನನ್ನ ಮನ್ಯಾಗ ಅದು ನಡಿಯಂಗಿಲ್ಲ."

ದುಂಡೇಶ ಎರಡು ಅಳತೆಯನ್ನೂ ಕೂಡಿಸಿದ, ಎರಡರಿಂದ ಭಾಗಿಸಿದ. ಮೂವತ್ತೆರಡು ಬಂತು. ಸಂಜೆ ಮನೆಯಲ್ಲಿ ತೀರ್ಪು ಓದಿದ.

"ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮಿಲ್ಲ. ಐದು ಇಂಚು ಅವ್ವ ಬಿಡ್ತಾಳ, ಐದು ಇಂಚು ನೀ ಬಿಡು."

"ಬಿಡಾಕ ಅದೇನು ಹೊಲದ ಬದುವೇನೋ?" ಎಂದಳು ಸಾವಿತ್ರೆವ್ವ.

"ನನ್ನ ಸೊಂಟ ಎಲ್ಲಿ ಬಿಟ್ಟು ಬರ್ಲಿರಿ?" ಎಂದಳು ಉಜ್ವಲಾ.

ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಮೂವತ್ತೆರಡು ಇಂಚಿನ ಕಟ್ಟೆ ಎದ್ದಿತು, ಮೇಲೆ ಕರಿಕಲ್ಲು ಕೂತಿತು. ಸಾವಿತ್ರೆವ್ವ ತುದಿಗಾಲಲ್ಲಿ ನಿಂತು, ಮೊಣಕೈ ಕಿವಿಯ ಸಮಕ್ಕೆ ಎತ್ತಿ ರೊಟ್ಟಿ ಬಡಿಯತೊಡಗಿದಳು. ಉಜ್ವಲಾ ಬಿದ್ದ ಬೆಂಡೋಲೆ ಹುಡುಕುವವಳಂತೆ ಬಾಗಿ ಒಗ್ಗರಣೆ ಹಾಕತೊಡಗಿದಳು. ಎಂಟೇ ದಿನಕ್ಕೆ ಒಬ್ಬಳ ಹೆಗಲು ಹಿಡಿಯಿತು, ಇನ್ನೊಬ್ಬಳ ಸೊಂಟ. ದುಂಡೇಶ ನೋವನ್ನೂ ಸಮನಾಗಿ ಕಂಡ. ಎರಡು ಡಬ್ಬಿ ಮುಲಾಮು ತಂದು ತಲಾ ಒಂದೊಂದು ಕೊಟ್ಟ.

ಅಲ್ಲಿ ಅವನ ಲೆಕ್ಕ ತಪ್ಪಿತು. ತನ್ನ ಹೆಗಲ ಹಿಂದೆ, ತನ್ನ ಸೊಂಟದ ಮೇಲೆ ಯಾರಿಗೂ ಸರಿಯಾಗಿ ಕೈ ಹೋಗುವುದಿಲ್ಲ. ಸೊಸೆ ಅತ್ತೆಯ ಹೆಗಲು ತಿಕ್ಕಿದಳು, ಅತ್ತೆ ಸೊಸೆಯ ಸೊಂಟ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ, ಇಷ್ಟು ದಿನ ಚಹಾ ಭಜಿಗಳಿಂದ ಹೋರಾಡಿದ ಎರಡು ಪಕ್ಷಗಳೂ ಒಂದಾದವು.

ಭಾನುವಾರ ಬೆಳಿಗ್ಗೆ ದುಂಡೇಶ ಹಸಿದುಕೊಂಡು ಡೇರಿಯಿಂದ ಬಂದರೆ ರೊಟ್ಟಿಯ ಸಪ್ಪಳವೇ ಇಲ್ಲ. ಇಬ್ಬರೂ ಪಡಸಾಲೆಯ ಮಂಚದ ಮೇಲೆ ಮುಲಾಮಿನ ವಾಸನೆಯಲ್ಲಿ ಮುಳುಗಿದ್ದರು. ಕೇಳುವ ಧೈರ್ಯ ಸಾಲದೆ ತಾನೇ ಒಳಗೆ ಹೋಗಿ ಚಹಾಕ್ಕಿಟ್ಟ. ಕಟ್ಟೆಯ ಮೇಲೆ ಕೈಯಿಟ್ಟ. ಬಗ್ಗಬೇಕಿಲ್ಲ, ನಿಗುರಬೇಕಿಲ್ಲ. ಹಾಯೆನಿಸಿತು. ಅತ್ತೆಯ ಎತ್ತರ ಸೊಸೆಯ ಎತ್ತರ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಉತ್ತರಕ್ಕೆ ದೇವರು ದುಂಡೇಶ ಎಂದು ಹೆಸರಿಟ್ಟಿದ್ದ. ಅಷ್ಟಕ್ಕೆ ಸುಮ್ಮನಿದ್ದರೆ ಬದುಕುತ್ತಿದ್ದ. ಸುಮ್ಮನಿರಲಿಲ್ಲ.

"ಇಷ್ಟು ಚಂದ ಕಟ್ಟಿ ಐತಿ, ನಿಮಗ್ಯಾಕ ತ್ರಾಸ ಆಗ್ತೈತಿ?" ಎಂದು ಒಳಗಿನಿಂದಲೇ ಕೇಳಿದ.

ಇಬ್ಬರೂ ಬಂದು ಬಾಗಿಲಲ್ಲಿ ನಿಂತರು. ಸಾವಿತ್ರೆವ್ವ ಮಗನ ಮೊಣಕೈ ನೋಡಿದಳು, ಕಟ್ಟೆ ನೋಡಿದಳು.

"ಅಳತಿ ಕೊಟ್ಟು ಅಂಗಿ ಹೊಲಿಸಿದಂಗ ಐತಿ," ಎಂದಳು.

ಉಜ್ವಲಾ ಜೋಳದ ಹಿಟ್ಟಿನ ಪರಾತ ತಂದು ಗಂಡನ ಮುಂದಿಟ್ಟಳು. "ರೊಟ್ಟಿ ಬಡಿಯೂದು ಅತ್ತಿ ಕಲಿಸ್ತಾರ್ರಿ. ಪಲ್ಯೆ ಆಮ್ಯಾಲೆ ನಾ ಹೇಳ್ಕೊಡ್ತೀನಿ."

ನಾಲ್ಕು ದಿನ ದುಂಡೇಶ ಬೆಳಿಗ್ಗೆ ರೊಟ್ಟಿ ಬಡಿದು, ಅಂಗೈಗೆ ಬೊಬ್ಬೆ ಎಬ್ಬಿಸಿಕೊಂಡು ಡೇರಿಗೆ ಹೋದ. ಐದನೆಯ ದಿನ ಮಾಳುವಿನ ಮನೆಗೆ ಹೋಗಿ ಅವನ ಕೈ ಹಿಡಿದ.

"ನೀ ಅಂದದ್ದ ಖರೆ, ಮಾಳು. ಒಬ್ಬೊಬ್ಬರ ಮೈಗೆ ಒಂದೊಂದು ಅಳತಿ. ಕೆಡವಿ ಎರಡು ಕಟ್ಟಿ ಕಟ್ಟಿ ಕೊಡು."

ಮಾಳು ಸುತ್ತಿಗೆ ಹಿಡಿದು ಬಂದ. ಅತ್ತೆ ಸೊಸೆ ಕಟ್ಟೆಗೆ ಅಡ್ಡ ನಿಂತರು.

"ಕಟ್ಟಿಗೆ ಕೈ ಹಚ್ಚಬ್ಯಾಡ, ಬರೋಬರಿ ಐತಿ," ಎಂದಳು ಉಜ್ವಲಾ.

"ಬಂದೀಯಂತ, ಒಂದು ಕೆಲಸ ಮಾಡಿ ಹೋಗು," ಎಂದು ಸಾವಿತ್ರೆವ್ವ ಗೋಡೆಯ ಮೇಲಿನ ಹಲಗೆಯತ್ತ ಬೆರಳು ತೋರಿದಳು. "ಆ ಮ್ಯಾಲಿನ ಫಳಿ ಒಂದು ಗೇಣು ಕೆಳಗ ಇಳಸು. ಹಿಟ್ಟಿನ ಡಬ್ಬಿ ನಮ್ಮ ದುಂಡ್ಯಾಗ ನಿಲುಕವಲ್ದು."